ಸೇತುವೆಯಾಚೆ ಬಿಟ್ಟುಬಂದ ಮಾತು

ನಮ್ಮೂರಿನಲ್ಲಿ ಒಂದು ಮಾತನ್ನು ಆಡುವ ಹಾಗಿಲ್ಲ. ಬೈಯಬಹುದು, ಹೊಟ್ಟೆಕಿಚ್ಚಿನ ಮಾತಾಡಬಹುದು, ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ಅತ್ತೆಯ ಮುಖಕ್ಕೇ ಹೇಳಬಹುದು. ‘ಗೊತ್ತು’ ಅನ್ನುವ ಹಾಗಿಲ್ಲ. ಕಥೆಗೆ ಬೇಕೆಂದು ನಾನು ಈಗ ಅಂದುಬಿಟ್ಟೆ, ಮುಂದೆಯೂ ಕೆಲವು ಸಲ ಅನ್ನಬೇಕಾಗುತ್ತದೆ. ಅದಕ್ಕೆ ಮಾಡಬೇಕಾದ್ದನ್ನು ಕಡೆಯಲ್ಲಿ ಮಾಡುತ್ತೇನೆ, ನೀವು ಚಿಂತೆ ಮಾಡಬೇಡಿ.

ಹಿಂದೆ ಆ ಮಾತು ಎಲ್ಲ ಊರುಗಳಲ್ಲಿ ಇರುವಂತೆ ನಮ್ಮೂರಲ್ಲೂ ಇತ್ತು. ಊರ ಹೊರಗೆ ಹೊಳೆ, ಹೊಳೆಗೆ ಸೇತುವೆ, ಸೇತುವೆಯ ಮೇಲೆ ಹಳಿ. ಒಂದು ದಿನ ರೈಲು ಬರುವ ಹೊತ್ತಿಗೆ, ಸೇತುವೆಯ ಬೋಲ್ಟು ಬಿಗಿಯಾಗಿದೆಯೇ ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ. ಅವನು ಗೊತ್ತು ಅಂದ. ಅವನಿಗೆ ಹೇಳಿದವನೂ ಗೊತ್ತು ಅಂದಿದ್ದ. ಅವನಿಗೆ ಹೇಳಿದವನೂ ಗೊತ್ತು ಅಂದಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ರೈಲು ಹೊಳೆಗೆ ಬಿತ್ತು.

ಅತ್ತು ಮುಗಿದ ಮೇಲೆ ಹಿರಿಯರು ಹೊಳೆಯ ದಂಡೆಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು, ಅಂದು ನೀನು ಏನೆಂದೆ ಎಂದು ಕೇಳಿದರು. ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಕೆಟ್ಟವರೂ ಆಗಿರಲಿಲ್ಲ. ಎಲ್ಲರ ಬಾಯಲ್ಲೂ ಸಿಕ್ಕಿದ್ದು ಒಂದೇ ಮಾತು. ಜನರನ್ನು ಊರು ಬಿಡಿಸಿದರೆ ಮಾತು ಊರಲ್ಲೇ ಉಳಿಯುತ್ತದೆ, ನಾಳೆ ಇನ್ನೊಬ್ಬರ ಬಾಯಿ ಹಿಡಿಯುತ್ತದೆ ಎಂದರು ಹಿರಿಯರು. ಅದಕ್ಕೆ ಜನರನ್ನು ಇಟ್ಟುಕೊಂಡು ಮಾತನ್ನು ಗಡಿಪಾರು ಮಾಡಿದರು. ತಮಟೆ ಬಡಿದುಕೊಂಡು ಹೊಸ ಸೇತುವೆ ದಾಟಿ, ಆಚೆ ತುದಿಯಲ್ಲಿರುವ ಚಪ್ಪಡಿ ಕಲ್ಲಿನ ಮೇಲೆ ಅದನ್ನು ಇಳಿಸಿ ಬಂದರು.

ಅಂದಿನಿಂದ ನಮ್ಮೂರಲ್ಲಿ ಯಾರ ಬಾಯಿಂದಲಾದರೂ ಆ ಮಾತು ಜಾರಿದರೆ, ಕೇಳಿಸಿಕೊಂಡವರು ‘ಸೇತುವೆ’ ಅನ್ನುತ್ತಾರೆ. ಅಷ್ಟೇ. ಬೈಗುಳವಿಲ್ಲ, ದಂಡವಿಲ್ಲ. ಜಾರಿಸಿದವರು ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟು ಸೇತುವೆ ದಾಟಿ ಹೋಗುತ್ತಾರೆ, ಕಲ್ಲಿನ ಮುಂದೆ ಆ ಮಾತನ್ನು ಆಡಿ ಬಿಟ್ಟು ಬರುತ್ತಾರೆ. ಬಿಸಿಲಲ್ಲಿ ನಡೆದು ಬಂದರೆಂದು ಊರವರು ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಬೇಸಿಗೆಯಲ್ಲಿ ಮಕ್ಕಳು ಬೇಕೆಂದೇ ಗೊತ್ತು ಗೊತ್ತು ಎಂದು ಕೂಗುವುದುಂಟು. ಅವರಿಗೂ ಕೊಡುತ್ತೇವೆ.

ಆ ಮಾತಿನ ಬದಲಿಗೆ ‘ನೋಡಿದೆ’ ಅನ್ನುತ್ತೇವೆ. ನೋಡಿಲ್ಲದಿದ್ದರೆ ‘ನೋಡಿ ಹೇಳುತ್ತೇನೆ’ ಅನ್ನುತ್ತೇವೆ. ಮದುವೆಯಲ್ಲಿ ಗಂಡನ್ನು ತೋರಿಸಿ, ಇವನು ಎಂಥವನಮ್ಮಾ ಎಂದು ಹೆಣ್ಣನ್ನು ಕೇಳುತ್ತಾರೆ. ಅವಳು ‘ನೋಡ್ತಾ ಇರ್ತೀನಿ’ ಅನ್ನಬೇಕು. ಹೆಣ್ಣನ್ನು ತೋರಿಸಿದಾಗ ಅವನೂ ಹಾಗೇ ಅನ್ನಬೇಕು. ಇಷ್ಟೇ ನಮ್ಮ ಮಂತ್ರ. ಬೇರೆ ಊರುಗಳಲ್ಲಿ ನಾಲ್ಕು ದಿನ ಕಳೆದರೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡುವುದನ್ನೇ ಬಿಡುತ್ತಾರಂತೆ. ನಮ್ಮಲ್ಲಿ ಬಿಟ್ಟರೆ ಸಂಸಾರ ನಡೆಯುವುದಿಲ್ಲ.

ಊರನ್ನು ಹಿಡಿದು ನಿಲ್ಲಿಸಿದ್ದು ಮೂರು ಕೆಲಸ. ಮೊದಲನೆಯದು ಹಳಿಯವನದು. ಅವನು ಬೆಳಿಗ್ಗೆ ಹಳಿಯ ಮೇಲೆ ನಡೆಯುತ್ತಾನೆ, ಕಂಬಿ ಕಂಬಿ ಕೂಡಿದಲ್ಲೆಲ್ಲ ನಿಲ್ಲುತ್ತಾನೆ, ತೋರುಬೆರಳು ಚಾಚುತ್ತಾನೆ, ‘ಬೋಲ್ಟು ಬಿಗಿಯಾಗಿದೆ, ನೋಡಿದೆ’ ಎಂದು ಗಟ್ಟಿಯಾಗಿ ಹೇಳುತ್ತಾನೆ. ಕೇಳುವುದಕ್ಕೆ ಅಲ್ಲಿ ಒಂದು ಕೊಕ್ಕರೆ ಬಿಟ್ಟರೆ ಯಾರೂ ಇರುವುದಿಲ್ಲ. ಬೆರಳು ತೋರಿಸಿದ್ದನ್ನು ಕಣ್ಣು ನೋಡುತ್ತದೆ, ಬಾಯಿ ಆಡಿದ್ದನ್ನು ಕಿವಿ ಕೇಳುತ್ತದೆ, ನಾಲ್ಕೂ ಸೇರಿ ಒಂದೇ ಸುಳ್ಳು ಹೇಳುವುದು ಕಷ್ಟ ಎನ್ನುತ್ತಾನೆ ಅವನು.

ಎರಡನೆಯದು ಅವನ ಹೆಂಡತಿಯದು. ಅವಳು ಹೊಲಿಯುವವಳು. ಬಟ್ಟೆಯಲ್ಲ, ಮೈ. ಕೆಟ್ಟದ್ದನ್ನು ಕತ್ತರಿಸಿ ತೆಗೆದು, ಒಳ್ಳೆಯದನ್ನು ಸೇರಿಸಿ ಹೊಲಿಯುತ್ತಾಳೆ. ಒಳಗಿಟ್ಟ ಹತ್ತಿಬಟ್ಟೆಯೆಲ್ಲ ಹೊರಗೆ ಬಂತು, ನೋಡಿದೆ ಎಂದು ಕೂಗಿ ಹೇಳದೆ ಗಾಯ ಮುಚ್ಚುವುದಿಲ್ಲ. ಚಾಕು ಹಿಡಿಯುವ ಮೊದಲು, ಮಲಗಿದವರು ಯಾರೇ ಆಗಲಿ, ‘ನೀವು ಯಾರು? ನೋವು ಎಲ್ಲಿ? ನಿಮ್ಮ ಕೈಯಿಂದಲೇ ತೋರಿಸಿ’ ಎಂದು ಕೇಳುತ್ತಾಳೆ. ಎದುರುಮನೆಯವಳು ಮಲಗಿಕೊಂಡೇ, “ನಾನ್ಯಾರು ಅಂತ ಕೇಳ್ತೀಯಲ್ಲೇ, ನಿನ್ನೆ ನಿನ್ನ ಒರಳಲ್ಲೇ ರುಬ್ಬಿಕೊಂಡು ಹೋದ್ನಲ್ಲೇ!” ಎಂದು ರೇಗಿದ್ದಳು. ಆದರೂ ಹೊಲಿಯುವವಳು ಹೆಸರು ಹೇಳಿಸಿಕೊಂಡೇ ಬಿಟ್ಟಿದ್ದಳು.

ಮೂರನೆಯವನು ಯಂತ್ರಕ್ಕೆ ಬುದ್ಧಿ ಹೇಳುವವನು. ಮನುಷ್ಯರಿಗೆ ಹೇಳಿ ಹೇಳಿ ಸಾಕಾಗಿ ಯಂತ್ರದ ಕಡೆ ಹೊರಟವನು ಎಂದು ನಾವು ಛೇಡಿಸುತ್ತೇವೆ. ರೈಲಿಗೆ ಸಿಗ್ನಲ್ಲಿನ ಕೈ ಎತ್ತುವುದು, ಹೊಲಿಗೆಮನೆಯಲ್ಲಿ ಮಂಪರಿನ ಮದ್ದನ್ನು ಹನಿಹನಿಯಾಗಿ ಇಳಿಸುವುದು, ಚಾಕು ಇಡಬೇಕಾದ ಜಾಗಕ್ಕೆ ದೀಪ ಬಗ್ಗಿಸುವುದು, ಎಲ್ಲ ಅವನ ಯಂತ್ರವೇ. ಅದಕ್ಕೆ ಅವನು ಸಾಲುಸಾಲಾಗಿ ಬರೆದು ಹೇಳಿಕೊಡುತ್ತಾನೆ. ಬರೆದದ್ದನ್ನು ಮೊದಲು ತನ್ನ ಅತ್ತೆಯ ಮುಂದೆ ಓದುತ್ತಾನೆ. ಅತ್ತೆಗೆ ಯಂತ್ರದ ತಲೆಬುಡ ತಿಳಿಯದು. ಅವರೆಕಾಯಿ ಸುಲಿಯುತ್ತ ಕೂತು, ಪ್ರತಿ ಸಾಲಿಗೂ ‘ಹಂಗಾಗ್ದಿದ್ರೆ?’ ಎಂದು ಕೇಳುತ್ತಾಳೆ. ಅಳಿಯ ಮಾಡಿದ್ದರಲ್ಲಿ ಹುಳುಕು ಹುಡುಕಲು ಅತ್ತೆಗಿಂತ ಯೋಗ್ಯರು ಲೋಕದಲ್ಲಿ ಇದ್ದಾರೆಯೇ?

ಇಂಥ ಊರಿಗೆ ದೂರದ ನಗರದಿಂದ ಒಬ್ಬಳು ಬಂದಳು. ಅವಳನ್ನು ನಾವು ಕೇಳುವವಳು ಎಂದೆವು, ಏಕೆಂದರೆ ಕೇಳುವುದೇ ಅವಳ ಕೆಲಸ. ಅವಳ ನಗರದಲ್ಲಿ ಹೊಲಿದ ಗಾಯ ಬಿಚ್ಚುತ್ತಿತ್ತಂತೆ, ಹೇಳಿಕೊಟ್ಟ ಯಂತ್ರ ತಲೆ ತಿರುಗಿ ನಿಲ್ಲುತ್ತಿತ್ತಂತೆ, ಹಾಕಿದ ಹಳಿ ಸರಿಯುತ್ತಿತ್ತಂತೆ.

“ನಿಮ್ಮೂರಲ್ಲಿ ಯಾಕೆ ಏನೂ ಬೀಳಲ್ಲ?” ಎಂದು ಕೇಳಿದಳು.

“ಯಾಕ್ ಬೀಳಲ್ಲ ತಾಯಿ, ಬೀಳ್ತವೆ” ಎಂದ ಹಳಿಯವನು. “ಬೀಳೋಕ್ ಮುಂಚೆ ನಮ್ಮ ಕಣ್ಣಿಗೆ ಬೀಳ್ತವೆ, ಅಷ್ಟೆ.”

ಅವಳು ಹಳಿಯವನ ಮನೆಯಲ್ಲೇ ಉಳಿದಳು. ಪಾಪ, ಬಹಳ ಓದಿದವಳು. ಏನು ಹೇಳಹೊರಟರೂ ಗೊತ್ತು ಗೊತ್ತು ಅನ್ನುತ್ತಿದ್ದಳು, ನಾವು ಸೇತುವೆ ಸೇತುವೆ ಅನ್ನುತ್ತಿದ್ದೆವು. ಅವಳ ಚಪ್ಪಲಿ ಸವೆಯಿತು, ಊರಿನ ಮಜ್ಜಿಗೆ ತಳ ಕಂಡಿತು, ಅವಳು ಬೀದಿಗೆ ಬಂದರೆ ಎಮ್ಮೆಗಳು ಮುಖ ತಿರುಗಿಸುತ್ತಿದ್ದವು. ಆದರೆ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ನಮಗೆ ಅವಳು ಇಷ್ಟವಾದಳು.

ಒಮ್ಮೆ ಊಟಕ್ಕೆ ಕೂತಾಗ ಹೊಲಿಯುವವಳು, ಇಷ್ಟು ದೂರ ಇದನ್ನೇ ಹುಡುಕಿಕೊಂಡು ಯಾಕೆ ಬಂದೆ ಮಗಳೇ ಎಂದು ಕೇಳಿದಳು. ಕೇಳುವವಳು ತುತ್ತನ್ನು ತಟ್ಟೆಯಲ್ಲೇ ಇಟ್ಟಳು.

“ನನಗೊಬ್ಬ ತಮ್ಮ ಇದ್ದ ಅಮ್ಮಾ. ಹೊಲಿಯೋ ಕೋಣೆಗೆ ನಗ್ತಾನೇ ಹೋದ. ಒಳಗಿದ್ದವರೆಲ್ಲ ದೊಡ್ಡ ದೊಡ್ಡವರು. ಯಾವ ಕಡೆ ಕತ್ತರಿಸಬೇಕು ಅಂತ ಎಲ್ಲರಿಗೂ ಗೊತ್ತಿತ್ತು.”

ಆ ಮಾತು ಬಂದರೂ ಸೇತುವೆ ಎಂದು ಯಾರೂ ಅನ್ನಲಿಲ್ಲ. ಅವಳೇ ಎದ್ದು ಹೊರಟಳು. ಹಳಿಯವನು ಕೈ ತೊಳೆದು, ಮಜ್ಜಿಗೆಯ ಚೊಂಬು ಹಿಡಿದು ಅವಳ ಜೊತೆ ನಡೆದ. ಕಲ್ಲಿನವರೆಗೂ ಹೋದ. ಅವಳು ಅತ್ತು ಮುಗಿಯುವ ತನಕ ಚೊಂಬು ಹಿಡಿದು ನಿಂತಿದ್ದ. ಆಮೇಲೆ ಅವಳು ಅವನನ್ನು ಅಪ್ಪಾಜಿ ಎಂದು ಕರೆಯತೊಡಗಿದಳು.

ಹೀಗಿರುವಾಗ ಹಳಿಯವನ ಹೊಟ್ಟೆಯ ಒಂದು ಪಕ್ಕದಲ್ಲಿ ಗಂಟು ಬೆಳೆಯಿತು. ಹೊರಗೆ ಕಾಣದ, ಆಳದ ಗಂಟು. ಊಟಕ್ಕೆ ಕೂತಾಗ ಪಕ್ಕೆಗೆ ಕೈ ಒತ್ತಿಕೊಳ್ಳುತ್ತಿದ್ದ. ಹೆಂಡತಿ ಎದುರಿಗೆ ಕೂತು ನೋಡುತ್ತಿದ್ದಳು. ಅವನು ಸೊರಗುತ್ತ ಬಂದ, ನಡೆದರೆ ಏದುಸಿರು ಬಿಡುತ್ತಿದ್ದ. ಗಂಟು ಒಡೆಯುವ ಮೊದಲು ತೆಗೆಯಬೇಕು ಎಂದು ತೀರ್ಮಾನವಾಯಿತು. ಆ ಮೈ ಒಂದು ಸಲ ಕತ್ತರಿಸಿಕೊಂಡು ತಾಳಬಲ್ಲದು, ಎರಡನೇ ಸಲ ತಾಳದು ಎಂದು ಹೊಲಿಯುವವಳು ನಮಗೆಲ್ಲ ಹೇಳಿದ್ದಳು.

ಊರಿಗೆ ಊರೇ ಹೊಲಿಗೆಮನೆಯಲ್ಲಿ ಸೇರಿತು. ಹಳಿಯವನು ಎಂದರೆ ನಮಗೆಲ್ಲ ಅಷ್ಟು ಪ್ರೀತಿ. ಆ ಪ್ರೀತಿಯೇ ಅಂದು ನಮಗೆ ಮುಳುವಾಗುವುದರಲ್ಲಿತ್ತು.

ಹೇಗೆಂದರೆ, ಯಂತ್ರಕ್ಕೆ ಬುದ್ಧಿ ಹೇಳುವವನು ದೀಪ ಯಾವ ಕಡೆಗೆ ಬಗ್ಗಿಸಲಿ ಎಂದು ಹೊಲಿಯುವವಳನ್ನು ಕೇಳಿದ. ಅವಳು ಎಡಕ್ಕೆ ಅಂದಳು. ಅವನು ಎಡಕ್ಕೆ ಎಂದು ಬರೆದ. ಅತ್ತೆ ಅವರೆಕಾಯಿಯ ಮೊರ ಮುಂದಿಟ್ಟುಕೊಂಡು ‘ಹಂಗಾಗ್ದಿದ್ರೆ?’ ಎಂದು ಶುರುಮಾಡಿದಳು. “ಅತ್ತೆ, ಇವತ್ತೊಂದಿನ ಸುಮ್ನಿರಿ. ಅವಳ ಗಂಡ ಅವನು, ಅವಳಿಗೆ ತಿಳೀದೇ ಇರುತ್ತಾ?” ಎಂದ. ಅತ್ತೆಯೂ ಕಣ್ಣೊರೆಸಿಕೊಂಡು ಸುಮ್ಮನಾದಳು. ಯಂತ್ರ ದೀಪವನ್ನು ಎಡಕ್ಕೆ ಬಗ್ಗಿಸಿತು.

ಹೊಲಿಯುವವಳು ಕೈ ತೊಳೆದು ಬಂದಳು. ಗಂಡನ ತಲೆಯ ಬಳಿ ನಿಂತಳು. ಪದ್ಧತಿಯಂತೆ ಕೇಳಬೇಕು, ನೀವು ಯಾರು, ನೋವು ಎಲ್ಲಿ, ನಿಮ್ಮ ಕೈಯಿಂದಲೇ ತೋರಿಸಿ. ಅವಳು ತಡವರಿಸಿದ್ದನ್ನು ಅವನು ಕಂಡ. ಎಷ್ಟಾದರೂ ನೋಡುವುದೇ ಅವನ ಕೆಲಸ. ಅವಳಿಗೆ ಸಂಕಟ ಆಗಬಾರದು ಎಂದು ಅವಳ ಕೈ ಹಿಡಿದು, ಮೆಲ್ಲಗೆ ಹೇಳಿದ:

“ನನ್ನನ್ನೇನು ಕೇಳ್ತೀಯೇ? ನನ್ನ ನೋವು ನಿಂಗೆ ಗೊತ್ತಲ್ಲ.”

ನಮ್ಮೂರಲ್ಲಿ ಹುಟ್ಟಿದ ಯಾವ ಹೆಂಗಸಿಗೂ ಯಾವ ಗಂಡನೂ ಹಾಗೆ ಹೇಳಿದ್ದಿಲ್ಲ. ಅಷ್ಟು ಸಿಹಿಯಾದ ಮಾತನ್ನು ಅವಳು ಜೀವಮಾನದಲ್ಲಿ ಕೇಳಿರಲಿಲ್ಲ. ಅವಳ ಕಣ್ಣು ತುಂಬಿತು.

“ಹ್ಞೂಂ ರೀ. ಗೊತ್ತು” ಎಂದಳು.

ನಾವೆಲ್ಲ ಕೇಳಿಸಿಕೊಂಡೆವು. ಒಬ್ಬರೂ ಬಾಯಿ ಬಿಡಲಿಲ್ಲ. ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು, ಗಂಡಸರು ನೆಲ ನೋಡಿದರು. ಇಂಥ ಹೊತ್ತಿನಲ್ಲಿ ಸೇತುವೆ ಅನ್ನಲು ಎದೆಯಲ್ಲಿ ಕಲ್ಲಿರಬೇಕು. ಹೊಲಿಯುವವಳು ಚಾಕು ತೆಗೆದುಕೊಂಡಳು. ಮಂಪರಿನ ಮೊದಲ ಹನಿ ಕೊಳವೆಯ ತುದಿಯಲ್ಲಿ ಕೂಡಿಕೊಂಡಿತು.

“ಸೇತುವೆ.”

ದನಿ ಬಾಗಿಲ ಬಳಿಯಿಂದ ಬಂತು. ಕೇಳುವವಳು ಗೋಡೆಗೆ ಒರಗಿ ನಿಂತಿದ್ದಳು.

“ಏನಮ್ಮಾ ನೀನು! ಎಂಥಾ ಹೊತ್ತಲ್ಲಿ ಎಂಥಾ ಮಾತು ಆಡ್ತೀಯಾ?” ಎಂದು ಯಾರೋ ಗದರಿದರು. ಇನ್ನೊಬ್ಬರು, ನಿನ್ನ ಸೇತುವೆಗೆ ಬೆಂಕಿ ಹಾಕ, ಅಲ್ಲೊಂದು ಜೀವ ಮಲಗಿದೆ ಎಂದರು. ಸುಳ್ಳೇಕೆ ಹೇಳಲಿ, ನಾವೆಲ್ಲ ಅವಳ ಮೇಲೆ ಹಲ್ಲು ಕಡಿದೆವು. ಅವಳು ಅಳುತ್ತಲೇ ಮತ್ತೊಮ್ಮೆ ಹೇಳಿದಳು.

“ಅಮ್ಮಾ, ಸೇತುವೆ. ನಿಮ್ಮ ಕಾಲಿಗೆ ಬೀಳ್ತೀನಿ. ಅಪ್ಪಾಜಿ ನಂಗೆ ಬೇಕು.”

ಹೊಲಿಯುವವಳು ಅವಳನ್ನು ನೋಡಿದಳು. ಯಂತ್ರದವನಿಗೆ ಹನಿ ನಿಲ್ಲಿಸು ಎಂದು ಕೈ ಮಾಡಿದಳು. ಚಾಕುವನ್ನು ತಟ್ಟೆಯಲ್ಲಿಟ್ಟಳು. ಗಂಡನ ಕೈ ಬಿಡಿಸಿಕೊಂಡು ಹೊರಗೆ ನಡೆದಳು.

ಅವಳು ಬೀದಿ ದಾಟಿದಳು, ಹಳಿ ದಾಟಿದಳು. ಸೇತುವೆಯ ಮೇಲೆ ನಡೆದಳು. ಕೆಳಗೆ ಹೊಳೆ ಹರಿಯುತ್ತಿತ್ತು. ಹಿಂದೆ ಬಿದ್ದ ರೈಲಿನ ಮೇಲೂ ಹಾಗೆಯೇ ಹರಿದಿದ್ದ ಹೊಳೆ ಅದು. ಕಲ್ಲಿನ ಮುಂದೆ ನಿಂತಳು, ಆ ಮಾತನ್ನು ಆಡಿದಳು, ಬಿಟ್ಟಳು, ಬಂದಳು. ಹೊಲಿಗೆಮನೆಯಲ್ಲಿ ಯಾರೂ ಕದಲಲಿಲ್ಲ. ಹಳಿಯವನು ಮಾತ್ರ ಮಲಗಿದಲ್ಲೇ, “ಅವಳಿಗೆ ಮಜ್ಜಿಗೆ ತೆಗೆದಿಟ್ರೇನ್ರೋ?” ಎಂದು ಕೇಳಿದ. ಅತ್ತೆ ಅವರೆಕಾಯಿ ಬಿಟ್ಟು ಎದ್ದು ಹೋಗಿ ತಂದಳು.

ಹೊಲಿಯುವವಳು ಬಂದಳು, ಬಾಗಿಲಲ್ಲೇ ಮಜ್ಜಿಗೆ ಕುಡಿದಳು, ಮತ್ತೆ ಕೈ ತೊಳೆದಳು. ಪರವೂರಿನವನ ಮುಂದೆ ನಿಂತ ಹಾಗೆ ಗಂಡನ ಮುಂದೆ ನಿಂತಳು.

“ನೀವು ಯಾರು?”

“ಹಳಿಯವನು ಕಣಮ್ಮ” ಎಂದ ಅವನು, ನಗು ತಡೆದುಕೊಂಡು.

“ನೋವು ಎಲ್ಲಿ? ನಿಮ್ಮ ಕೈಯಿಂದಲೇ ತೋರಿಸಿ.”

ಅವನು ಹಳಿಯ ಮೇಲೆ ಚಾಚುವ ಹಾಗೆಯೇ ತೋರುಬೆರಳು ಚಾಚಿದ. ತಂದು ತನ್ನ ಪಕ್ಕೆಯ ಮೇಲೆ ಇಟ್ಟುಕೊಂಡ.

“ಇಲ್ಲಿ. ಬಲಗಡೆ. ನೋಡಿದೆ.”

ದೀಪ ಎಡಗಡೆ ಉರಿಯುತ್ತಿತ್ತು.

ಹೊಲಿಯುವವಳು ಬೆರಳನ್ನು ನೋಡಿದಳು, ದೀಪವನ್ನು ನೋಡಿದಳು. ಬೆರಳಿಟ್ಟಲ್ಲಿ ಒತ್ತಿ ನೋಡಿದಳು, ಗಂಟು ಕೈಗೆ ಸಿಕ್ಕಿತು. ಇಷ್ಟು ದಿನ ಊಟಕ್ಕೆ ಅವನ ಎದುರಿಗೆ ಕೂತು ನೋಡಿದ್ದಳೇ ಹೊರತು ಮುಟ್ಟಿ ನೋಡಿರಲಿಲ್ಲ. ಎದುರಿಗೆ ಕೂತವರ ಬಲ ನಮಗೆ ಎಡ. ನೋಡಿದ್ದಳು ನಿಜ, ತನ್ನ ಕಡೆಯಿಂದ ನೋಡಿದ್ದಳು. ಕೇಳುವವಳು ಓಡಿಬಂದು ಅವಳನ್ನು ಹಿಡಿದುಕೊಂಡಳು.

“ಎಂಥಾ ಕೆಲಸ ಆಗಿಹೋಗ್ತಿತ್ತಲ್ಲ ಮಗಳೇ” ಎಂದಳು ಹೊಲಿಯುವವಳು.

“ಆಗ್ಲಿಲ್ಲ ಅಮ್ಮಾ” ಎಂದಳು ಅವಳು. “ಆಗ್ಲಿಲ್ಲ.”

ಯಂತ್ರದವನು ಬೆವರೊರೆಸಿಕೊಂಡು ಹೊಸದಾಗಿ ಬರೆದ, ಗಟ್ಟಿಯಾಗಿ ಓದಿದ. ಅತ್ತೆ ಸಾಲುಸಾಲಿಗೂ ‘ಹಂಗಾಗ್ದಿದ್ರೆ?’ ಅಂದಳು, ಅವನು ಸಾಲುಸಾಲಿಗೂ ಉತ್ತರ ಕೊಟ್ಟ. ದೀಪ ಬಲಕ್ಕೆ ಬಾಗಿತು. ಎಲ್ಲರೂ ಬೆರಳು ಚಾಚಿ ‘ಬಲ, ನೋಡಿದೆ’ ಎಂದೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆಮೇಲೆ ಹೊಲಿಯುವವಳು ಚಾಕು ಹಿಡಿದಳು. ಗಂಟು ಬಂತು. ಒಳಗಿಟ್ಟ ಬಟ್ಟೆಯೆಲ್ಲ ಹೊರಗೆ ಬಂತು. ಹೊಲಿಗೆ ಗಟ್ಟಿಯಾಗಿ ನಿಂತಿತು.

ಅಷ್ಟರಲ್ಲಿ ಸೇತುವೆಯಾಚೆಯಿಂದ ರೈಲು ಕೂಗಿತು. ಹಳಿ ನೋಡಿದೆ ಎಂದು ಈಚೆಯಿಂದ ಒಬ್ಬರು ಹೇಳುವ ತನಕ ಅದು ಸೇತುವೆ ಹತ್ತುವುದಿಲ್ಲ. ಹಳಿಯವನು ಮಂಪರಿನಲ್ಲಿದ್ದ. ನಾವು ಮುಖ ಮುಖ ನೋಡಿಕೊಂಡೆವು.

“ನಾನು ನೋಡ್ಕೋತೀನಿ” ಎಂದಳು ಕೇಳುವವಳು. ಸ್ಪ್ಯಾನರು ಹೆಗಲಿಗೇರಿಸಿಕೊಂಡು ಹೋದಳು. ಕಂಬಿ ಕಂಬಿ ಕೂಡಿದಲ್ಲೆಲ್ಲ ನಿಂತು, ಬೆರಳು ಚಾಚಿ, ಕೊಕ್ಕರೆಗೆ ಕೇಳುವ ಹಾಗೆ ಕೂಗಿ ಹೇಳುತ್ತ ನಡೆದಳು. ರೈಲು ಬಹಳ ತಡವಾಗಿ ಬಂತು. ಒಳಗಿದ್ದವರು ಗೊಣಗಿದರು, ಇಳಿದು ಮನೆಗೆ ಹೋಗಿ ಮಕ್ಕಳ ಜೊತೆ ಉಂಡರು.

ಅವನು ಎದ್ದು ನಾಲ್ಕು ಹೆಜ್ಜೆ ಇಡುವವರೆಗೂ ಅವಳೇ ಹಳಿ ನೋಡಿಕೊಂಡಳು. ಆಮೇಲೆ ತನ್ನ ನಗರಕ್ಕೆ ಹೊರಟಳು. ಅಂದೇ ಹಳಿಯವನೂ ಸೇತುವೆಗೆ ಹೊರಟ, ಏಕೆಂದರೆ ಆ ಮಾತನ್ನು ಮೊದಲು ಆಡಿದ್ದು ಅವನೇ, ಇನ್ನೂ ಬಿಟ್ಟುಬಂದಿರಲಿಲ್ಲ. ಹೆಂಡತಿಯ ಭುಜ ಹಿಡಿದು, ನಿಂತು ನಿಂತು ನಡೆದ. ನಾವು ಚೊಂಬು ಹಿಡಿದು ಹಿಂದೆ ಹೋದೆವು.

“ಊರಲ್ಲಿ ಕೇಳ್ತಾರೆ ಅಪ್ಪಾಜಿ. ಏನು ಹೇಳ್ಲಿ?” ಎಂದಳು ಕೇಳುವವಳು, ಸೇತುವೆಯಾಚೆ ರೈಲು ಹತ್ತುವ ಮುಂಚೆ.

“ನೋಡ್ಕೊಳಿ ಅನ್ನು ತಾಯಿ. ಹಳೀನೂ, ಮನುಷ್ಯರನ್ನೂ.”

ಅವಳು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಹೊರಗೆ ಹೋಗುವವರು ಕಲ್ಲಿನ ಮೇಲಿನ ಮಾತನ್ನು ಮತ್ತೆ ಎತ್ತಿಕೊಂಡು ಹೋಗುವುದು ವಾಡಿಕೆ, ಅಲ್ಲಿ ಅದಿಲ್ಲದೆ ಬದುಕು ಸಾಗದಂತೆ. ಅವಳು ಎತ್ತಿಕೊಳ್ಳಲಿಲ್ಲ. ಬರಿಗೈಯಲ್ಲಿ ರೈಲು ಹತ್ತಿದಳು.

ಹಳಿಯವನು ಕಲ್ಲಿನ ಮುಂದೆ ನಿಂತು ಗೊತ್ತು ಅಂದ, ಬಿಟ್ಟ. ಆದರೆ ಮನಸ್ಸು ತಡೆಯಲಿಲ್ಲ. ಹೇಗೂ ಇದು ಸೇತುವೆಯಾಚೆ ತಾನೆ ಎಂದು ಹೆಂಡತಿಯ ಕಡೆ ತಿರುಗಿ ಕೇಳಿದ:

“ಇಷ್ಟು ವರ್ಷ ಒಟ್ಟಿಗೆ ಬಾಳಿದೀವಿ. ನಿಜ ಹೇಳು. ನಾನು ನಿಂಗೆ ಒಂಚೂರೂ ಗೊತ್ತಿಲ್ವೇನೇ?”

ಅವಳು ಅವನ ಮುಖದ ಬೆವರನ್ನು ಸೆರಗಿನಿಂದ ಒರೆಸಿದಳು.

“ಇಲ್ಲ” ಎಂದಳು. “ಅದಕ್ಕೇ ಅಲ್ವೇನ್ರೀ, ನೋಡ್ತಾ ಇರೋದು.”

ಕಥೆ ಇಲ್ಲಿಗಾಯಿತು. ಆಡಬಾರದ ಮಾತನ್ನು ಬೇಕಾದಷ್ಟು ಸಲ ಆಡಿದ್ದೇನೆ, ಸೇತುವೆಗೆ ಹೋಗಿಬರುತ್ತೇನೆ. ಬಿಸಿಲು ಜೋರಾಗಿದೆ. ಮಜ್ಜಿಗೆ ಉಳಿದಿದೆಯೋ ಇಲ್ಲವೋ, ಯಾರಾದರೂ ನೋಡಿ ಹೇಳಿ.